ಅಂಡಮಾನಿನಲ್ಲಿ ಸೆಲ್ಫ್ ಡ್ರೈವ್ ಕಾರು ತಗೊಳ್ತೀರಾ? ಮೊದಲು ನಂಬರ್ ಪ್ಲೇಟ್ ನೋಡಿ

ಬೆಂಗಳೂರಿನಿಂದ ಅಂಡಮಾನಿಗೆ ಹೊರಟವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಗಂಡ ಹೆಂಡತಿ ಇಬ್ಬರೇ ಒಂದು ದಿನ ಕಾರು ತಗೊಂಡು ಸುತ್ತೋಣ ಅಂದುಕೊಂಡವರು. ಬಾಡಿಗೆಗೆ ಅಂತ ಬಂದ ಕಾರಿಗೆ ವೈಟ್ ಬೋರ್ಡ್ (ಸ್ವಂತ ಬಳಕೆಯ ಗಾಡಿಯ ಬಿಳಿ ನಂಬರ್ ಪ್ಲೇಟ್) ಇದ್ದರೆ ಹತ್ತಬೇಡಿ. ದುಡ್ಡು ಕಟ್ಟಿ ಆಗಿದ್ದರೂ ಹತ್ತಬೇಡಿ.

ನಮ್ಮ ಪ್ಯಾಕೇಜ್ ಮಾಡಿಕೊಟ್ಟಿದ್ದು ಬೆಂಗಳೂರಿನ ಒಂದು ಟ್ರಾವೆಲ್ಸ್. ದೂರು ಇನ್ನೂ ನಡೆಯುತ್ತಿದೆ, ಹೆಸರು ಬರೆಯುವುದಿಲ್ಲ. ಶ್ರೀ ವಿಜಯಪುರಂನಿಂದ (ನಮಗೆಲ್ಲ ಗೊತ್ತಿರುವ ಪೋರ್ಟ್ ಬ್ಲೇರ್) ಚಿಡಿಯಾ ಟಾಪುವಿಗೆ ಹೋಗಿ ಬರಲು ಸೆಲ್ಫ್ ಡ್ರೈವ್ ಕಾರು ಅಂತ ವೋಚರ್‌ನಲ್ಲೇ ಇತ್ತು. ಹೋಟೆಲ್ ಬಾಗಿಲಿಗೆ ಬಂದದ್ದು ವೈಟ್ ಬೋರ್ಡ್ ಗಾಡಿ. ನಮ್ಮವರು ಅಲ್ಲೇ ಕೇಳಿದರು. "ಇಲ್ಲಿ ಎಲ್ಲಾ ಹೀಗೇ ಸರ್, ಪರ್ಮಿಟ್‌ಗೆ ಅರ್ಜಿ ಹಾಕಿದ್ದೀವಿ" ಅಂದ ಕಾರು ತಂದವನು. ಬೆಂಗಳೂರಿಗೆ ಫೋನ್ ಮಾಡಿದರೆ ಅವರದೂ ಅದೇ ಮಾತು. 10,000 ರೂಪಾಯಿ ಡೆಪಾಸಿಟ್ ಜೊತೆಗೆ ನಮ್ಮವರ ಒರಿಜಿನಲ್ ಡಿಎಲ್ಲನ್ನೂ ಇಸಕೊಂಡ. ಅದು ಕೊಡದಿದ್ದರೆ ಕೀ ಇಲ್ಲ ಅಂದ.

ದಾರಿ ಮಾತ್ರ ಬಹಳ ಚೆಂದ. ಕಾರ್ಬಿನ್ಸ್ ಕೋವ್ ದಾಟಿ ಬರ್ಮಾನಾಲಾ, ಕೋಡಿಯಾಘಾಟ್ ಕಡೆಯಿಂದ ಹೋದರೆ ಎಷ್ಟೋ ಕಡೆ ಸಮುದ್ರ ರಸ್ತೆಗೆ ಅಂಟಿಕೊಂಡೇ ಇರುತ್ತದೆ. ತೆಂಗು, ಅಡಿಕೆ ತೋಟ ನೋಡಿದರೆ ನಮ್ಮ ಕರಾವಳಿಯೇ ನೆನಪಾಗುತ್ತದೆ. ಚಿಡಿಯಾ ಟಾಪು ಸೂರ್ಯಾಸ್ತಕ್ಕೆ ಹೆಸರುವಾಸಿ, ಹಾಗಾಗಿ ಅದನ್ನು ನೋಡಿಕೊಂಡೇ ಎಲ್ಲರೂ ವಾಪಸ್ ಹೊರಡುತ್ತಾರೆ. ಇಲ್ಲೊಂದು ವಿಷಯ ತಿಳಿದಿರಲಿ. ಗಡಿಯಾರ ಅಲ್ಲೂ ನಮ್ಮದೇ, ಆದರೆ ದ್ವೀಪ ಪೂರ್ವಕ್ಕೆ ತುಂಬಾ ದೂರ. ಡಿಸೆಂಬರಿನಲ್ಲಿ ಸಂಜೆ 5ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಬೆಂಗಳೂರಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂಚೆ. ಆರಕ್ಕೆಲ್ಲ ಕಗ್ಗತ್ತಲು. ಕಾಡಿನ ತಿರುವುಗಳಲ್ಲಿ ಬೀದಿದೀಪ ಇಲ್ಲ, ಫೋನ್ ಸಿಗ್ನಲ್ ಬಂದರೆ ಬಂತು.

ಹಾಗೆ ವಾಪಸ್ ಬರುವಾಗ ಒಂದು ತಿರುವಿನಲ್ಲಿ ಎದುರಿನಿಂದ ಬಂದ ಬೈಕ್ ಜಾರಿ ನಮ್ಮ ಕಾರಿನ ಬಾಗಿಲಿಗೆ ಉಜ್ಜಿತು. ಹುಡುಗ ಕೆಳಗೆ ಬಿದ್ದ. ಮಂಡಿ, ಮೊಣಕೈ ತರಚಿತ್ತು. ದೇವರ ದಯೆ, ತಲೆಗೆ ಏನೂ ಆಗಲಿಲ್ಲ. ಊರಿನವರ ಜೊತೆ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಿಗ್ನಲ್ ಸಿಕ್ಕ ತಕ್ಷಣ ಕಾರಿನವನಿಗೆ ಫೋನ್ ಮಾಡಿದೆವು. ಹುಡುಗ ಹೇಗಿದ್ದಾನೆ ಅಂತ ಅವನು ಕೇಳಲಿಲ್ಲ. "ಪೊಲೀಸರು ಬಂದರೆ ಫ್ರೆಂಡ್ ಕಾರು ಅಂತ ಹೇಳಿ, ಬಾಡಿಗೆ ಅಂತ ಹೇಳಲೇಬೇಡಿ" ಅಂದ. ನನಗೆ ಕೈಕಾಲು ತಣ್ಣಗಾಯಿತು.

ಅವನು ಹಾಗೆ ಹೇಳಿದ್ದಕ್ಕೆ ಕಾರಣ ಇದೆ. ಸ್ವಂತ ಬಳಕೆಯ ಕಾರಿನ ವಿಮೆ ಬಾಡಿಗೆಗೆ ಓಡಿಸಿದರೆ ಅನ್ವಯಿಸುವುದಿಲ್ಲ, ಪಾಲಿಸಿಯಲ್ಲೇ ಹಾಗೆ ಬರೆದಿರುತ್ತದೆ. ವಿಮೆ ಕಂಪನಿ ಕೈ ಎತ್ತಬಹುದು. ಆ ಹುಡುಗನಿಗೆ ದೊಡ್ಡ ಪೆಟ್ಟಾಗಿದ್ದರೆ ಅವನ ಮನೆಯವರು ಪರಿಹಾರಕ್ಕೆ ಎಷ್ಟು ಅಲೆಯಬೇಕಿತ್ತು? ಇವತ್ತಿಗೂ ಜಾಸ್ತಿ ಸಂಕಟ ಆಗುವುದು ಅದನ್ನು ನೆನೆದಾಗ. ನಾವು ಸುಳ್ಳು ಹೇಳಲಿಲ್ಲ. ಆಸ್ಪತ್ರೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಸಿದೆವು.

ರಾತ್ರಿ ಕಾರಿನವನು ಹೋಟೆಲ್ಲಿಗೇ ಬಂದ. ಡೆಪಾಸಿಟ್ ಅಲ್ಲದೆ ಇನ್ನೂ 15,000 ಕೊಟ್ಟರೇನೇ ಡಿಎಲ್ ಅಂದ. ವಿಮೆಯಲ್ಲಿ ಕ್ಲೇಮ್ ಮಾಡಿ ಅಂದರೆ ಉತ್ತರ ಇಲ್ಲ. ಬೆಳಗ್ಗೆ ನಮ್ಮ ವಿಮಾನ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೊಟ್ಟು ಬಿಡಿಸಿಕೊಂಡೆವು. ಬೆಂಗಳೂರಿನ ಟ್ರಾವೆಲ್ಸ್‌ನವರು "ಅದು ಅಲ್ಲಿನವರ ವಿಷಯ ಮೇಡಂ" ಅಂತ ಫೋನ್ ಇಟ್ಟರು. ದುಡ್ಡು ತಗೊಂಡಿದ್ದು ಇವರೇ ಅಲ್ವಾ?

ಕಾನೂನು ಪ್ರಕಾರ ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರಬೇಕು. ಇದು ಅಂಡಮಾನ್ ಅಷ್ಟೇ ಅಲ್ಲ, ಗೋವಾಗೂ ನಮ್ಮ ಬೆಂಗಳೂರಿಗೂ ಒಂದೇ. ಇಲ್ಲಿಂದಲೇ ಗಾಡಿ ನಂಬರ್ ಬರೆಸಿಕೊಂಡು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ವಿಮೆ ಯಾವಾಗಿನವರೆಗೆ ಇದೆ, ಗಾಡಿ ಯಾವ ವರ್ಗದ್ದು, ಎರಡೂ ಕಾಣುತ್ತದೆ. ನಂಬರ್ ಕೊಡಲು ಸತಾಯಿಸಿದರೆ ಅಲ್ಲಿಗೇ ಬಿಟ್ಟುಬಿಡಿ, ಟ್ಯಾಕ್ಸಿ ಮಾಡಿಕೊಳ್ಳಿ. ಒರಿಜಿನಲ್ ಡಿಎಲ್, ಆಧಾರ್ ಯಾರ ಕೈಗೂ ಕೊಡಬೇಡಿ. ಡಿಜಿಲಾಕರ್ ಪ್ರತಿ ತೋರಿಸಿದರೆ ಸಾಕು.

ನಮ್ಮ ಹಾಗೆ ಈಗಾಗಲೇ ದುಡ್ಡು ಕಳೆದುಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ನಾವೂ ಅಲ್ಲಿಂದಲೇ ಶುರು ಮಾಡಿದ್ದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನೀವಿರುವ ಊರಿನಲ್ಲೇ ದೂರು ಕೊಡಬಹುದು, ಅಂಡಮಾನಿಗೆ ಓಡಾಡಬೇಕಿಲ್ಲ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವೋಚರ್, ಯುಪಿಐ ರಸೀದಿ, ನಂಬರ್ ಪ್ಲೇಟ್ ಕಾಣುವ ಫೋಟೊ, ವಾಟ್ಸಾಪ್ ಮಾತುಕತೆ, ಇವನ್ನು ಅಳಿಸದೆ ಇಟ್ಟುಕೊಳ್ಳಿ.