ಯುದ್ಧದ ಥ್ರಿಲ್ಲರ್ ಅಂತ ಮನೆಯವರ ಜೊತೆ ಕೂತು ನೋಡುವ ಮುಂಚೆ ಇದನ್ನು ಓದಿ

ಯುದ್ಧದಲ್ಲಿ ಹೆಂಗಸರು ಬದುಕುಳಿದ ಕಥೆ, ನಿಜ ಘಟನೆ ಆಧಾರಿತ ಥ್ರಿಲ್ಲರ್ ಅಂತ ಪೋಸ್ಟರ್ ಮೇಲೆ ಇದ್ದರೆ ಅಷ್ಟನ್ನೇ ನಂಬಿ ದುಡ್ಡು ಕೊಡಬೇಡಿ. ಹೋದ ಶನಿವಾರ ನಾವು ಅಂಥದ್ದೊಂದನ್ನು ಬಾಡಿಗೆಗೆ ತಗೊಂಡೆವು. ಗುಲಾಮಗಿರಿಯ ವಿಚಾರಕ್ಕೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಅಮೆರಿಕದ ಅಂತರ್ಯುದ್ಧದ ಕಥೆ. ನಾವಿರುವುದು ಜಾರ್ಜಿಯಾದಲ್ಲಿ, ಮಗಳಿಗೆ ಶಾಲೆಯಲ್ಲಿ ಈಗ ಅದೇ ಪಾಠ, ಅಮ್ಮನೂ ಊರಿಂದ ಬಂದಿದ್ದಾರೆ, ಮೂವರೂ ಕೂತು ನೋಡೋಣ ಅಂತ ಹಾಕಿದೆ.

ಅರ್ಧ ಗಂಟೆಯೊಳಗೆ ಅತ್ಯಾಚಾರದ ದೃಶ್ಯ ಬಂತು. ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ. ಕ್ಯಾಮೆರಾ ಆ ಹೆಂಗಸಿನ ಮುಖ ತೋರಿಸುವುದೇ ಇಲ್ಲ, ಬರೀ ಮೈ, ಮೇಲೆ ಎದೆ ಬಡಿತ ಏರಿಸುವ ಸಂಗೀತ ಬೇರೆ. ಅಮ್ಮ ಎದ್ದು ಒಳಗೆ ಹೋದರು. ನಾನು ಟಿವಿ ಆರಿಸಿದೆ. ಟ್ರೇಲರ್‌ನಲ್ಲಿ ಇದರ ಸುಳಿವಿಲ್ಲ, ಎಚ್ಚರಿಕೆ ಅಂತ 'ಹಿಂಸೆ' ಅನ್ನುವ ಒಂದೇ ಪದ. ದುಡ್ಡು ವಾಪಸ್ ಕೇಳಿದರೆ, ನೋಡಲು ಶುರು ಮಾಡಿದ್ದೀರಿ, ಆಗಲ್ಲ ಅಂದರು.

ಮರುದಿನ ಒಬ್ಬಳೇ ಉಳಿದಿದ್ದನ್ನು ನೋಡಿದೆ. ಸಿಟ್ಟು ಜಾಸ್ತಿಯಾಯಿತು.

ಬಜೆಟ್ ಕಡಿಮೆ ಅನ್ನುವುದು ನನ್ನ ತಕರಾರಲ್ಲ. ಒಂದು ಮನೆ, ಮೂವರು ಹೆಂಗಸರು, ಹೊರಗೆ ಸೈನಿಕರು, ಇಷ್ಟೇ ಇಟ್ಟುಕೊಂಡು ಎಂಥ ಸಿನಿಮಾ ಮಾಡಬಹುದಿತ್ತು! ಆ ಕಾಲದ ಭಯಕ್ಕೆ ದೊಡ್ಡ ಸೆಟ್ ಬೇಕಿರಲಿಲ್ಲ. ಉತ್ತರದವರು ಬಂದರುಗಳನ್ನು ಮುಚ್ಚಿದ್ದರಿಂದ ದಕ್ಷಿಣದಲ್ಲಿ ಉಪ್ಪೇ ಸಿಗುತ್ತಿರಲಿಲ್ಲ. ಮಾಂಸ ಕೆಡದಂತೆ ಇಡಲು ಉಪ್ಪು ಬೇಕಲ್ವಾ, ಅದಕ್ಕೆ ಮಾಂಸ ಒಣಗಿಸುವ ಕೋಣೆಯ, ಉಪ್ಪು ಸೋರಿ ಇಳಿದಿದ್ದ ನೆಲ ಅಗೆದು, ಆ ಮಣ್ಣಿಗೆ ನೀರು ಹಾಕಿ ಕುದಿಸಿ ಉಪ್ಪು ತೆಗೆಯುತ್ತಿದ್ದರು. 1863ರ ಏಪ್ರಿಲ್ 2ರಂದು ದಕ್ಷಿಣದವರ ರಾಜಧಾನಿ ರಿಚ್ಮಂಡ್‌ನಲ್ಲಿ ಹೆಂಗಸರು ಹಸಿವು ತಾಳಲಾರದೆ ಬೀದಿಗಿಳಿದು ಅಂಗಡಿಗಳಿಗೆ ನುಗ್ಗಿದ್ದರು. ಈ ಸಿನಿಮಾದಲ್ಲಿ ಯಾರಿಗೂ ಹಸಿವೇ ಆಗುವುದಿಲ್ಲ, ಬಟ್ಟೆಯೂ ಇಸ್ತ್ರಿ ಮಾಡಿದ ಹಾಗಿದೆ.

ಹೊಟ್ಟೆ ಉರಿದದ್ದು ಆ ಮನೆಯ ಗುಲಾಮ ಹೆಂಗಸನ್ನು ತೋರಿಸಿದ ರೀತಿಗೆ. ಅವಳಿಗೆ ನಾಲ್ಕು ಮಾತಿಲ್ಲ, ಯಜಮಾನಿಯನ್ನು ಉಳಿಸಲು ಸಾಯುತ್ತಾಳೆ, ಅಷ್ಟೇ. ಕಥೆ ನಡೆಯುವುದು 1864ರ ಕೊನೆಯಲ್ಲಿ, ಉತ್ತರದ ಸೇನಾಪತಿ ಶರ್ಮನ್‌ನ ಸುಮಾರು 60,000 ಸೈನಿಕರು ನಮ್ಮ ಜಾರ್ಜಿಯಾದಲ್ಲೇ ಅಟ್ಲಾಂಟಾದಿಂದ ಸವಾನಾ ಕಡೆ ನಡೆದ ದಿನಗಳಲ್ಲಿ. ಬಿಡುಗಡೆ ಸಿಕ್ಕಿತು ಅಂತ ನಂಬಿ ಸಾವಿರಾರು ಕಪ್ಪು ಜನ ಆ ಸೇನೆಯ ಹಿಂದೆ ಹೊರಟಿದ್ದರು, ಎಷ್ಟೋ ತಾಯಂದಿರು ಮಕ್ಕಳ ಸಮೇತ. ಡಿಸೆಂಬರ್ 9ರಂದು ಎಬೆನೀಜರ್ ಹಳ್ಳದ ಹತ್ತಿರ ಸೈನಿಕರು ದಾಟಿದ ಮೇಲೆ ತೇಲುಸೇತುವೆಯನ್ನು ಎತ್ತಿಬಿಟ್ಟರು. ಹಿಂದೆ ದಕ್ಷಿಣದ ಕುದುರೆಪಡೆ, ಮುಂದೆ ಕೊರೆಯುವ ನೀರು. ಎಷ್ಟೋ ಜನ ನೀರಿಗೆ ಹಾರಿ ಮುಳುಗಿ ಸತ್ತರು, ಹಿಂದೆ ಉಳಿದವರಲ್ಲಿ ಎಷ್ಟೋ ಮಂದಿ ಮತ್ತೆ ಗುಲಾಮಗಿರಿಗೆ ಹೋದರು. ಯುದ್ಧದಲ್ಲಿ ಹೆಂಗಸರು ಬದುಕುಳಿಯುವ ಕಥೆ ಅಂದರೆ ಇದಲ್ವಾ? ಇದರ ಒಂದು ಸಾಲೂ ಇಲ್ಲದೆ 'ನಿಜ ಘಟನೆ' ಅಂತ ಹಾಕಿಕೊಂಡಿದ್ದಾರೆ. ಮಗಳು ಇದನ್ನೇ ಇತಿಹಾಸ ಅಂದುಕೊಳ್ಳುತ್ತಿದ್ದಳು.

ಇದೇ ಅಚ್ಚಿನ ಸಿನಿಮಾಗಳು ಬೇಕಾದಷ್ಟಿವೆ. ಬಾಡಿಗೆಗೆ ತಗೊಳ್ಳುವ ಮುಂಚೆ ಸಿನಿಮಾ ಮಾಹಿತಿಯ ವೆಬ್‌ಸೈಟ್ ಐಎಂಡಿಬಿಯಲ್ಲಿ ಪೇರೆಂಟ್ಸ್ ಗೈಡ್ ಅಂತ ಒಂದು ಭಾಗವಿದೆ, ತೆಗೆದು ನೋಡಿ, ಎಂಥ ದೃಶ್ಯಗಳಿವೆ ಅಂತ ನೋಡಿದವರೇ ಅಲ್ಲಿ ಬರೆದಿರುತ್ತಾರೆ. ಹೆಂಗಸರು ಬರೆದ ವಿಮರ್ಶೆ ಸಿಕ್ಕರೆ ಮೊದಲು ಅದನ್ನು ಓದಿ. ಅನುಮಾನ ಇದ್ದರೆ ದೊಡ್ಡವರು ಒಬ್ಬರು ಮುಂಚೆ ನೋಡಿ, ಮಕ್ಕಳ ಜೊತೆ ಆಮೇಲೆ.