"ನಾಯಿ ಕರ್ಕೊಂಡು ಬನ್ನಿ" ಅಂದರು ಅಂತ ಹಣ ಕಟ್ಟಬೇಡಿ

ಸಮುದ್ರದ ದಡದ ಒಂದು ಟೆಂಟ್ ಕ್ಯಾಂಪಿಗೆ ಏಳು ದಿನಕ್ಕೆ ಪೂರ್ತಿ ಹಣ ಕಟ್ಟಿ, ನಾಲ್ಕನೇ ದಿನ ಬೆಳಿಗ್ಗೆ ಒದ್ದೆ ಟೆಂಟ್ ಸುತ್ತಿಕೊಂಡು ವಾಪಸ್ ಬಂದವರು ನಾವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ನಾಯಿ ಸಾಕಿರುವವರು ಈ ಎರಡು ಮಾತಿಗೆ ಸುಲಭವಾಗಿ ಮರುಳಾಗುತ್ತಾರೆ: "ಸಮುದ್ರದ ಎದುರೇ ಜಾಗ", "ನಾಯಿ ಕರ್ಕೊಂಡು ಬನ್ನಿ".

ನಾನು ಫೋನ್ ಮಾಡಿ ಕೇಳಿದ್ದೆ. ಒಂದಲ್ಲ, ಎರಡು ಸಲ. "ದೊಡ್ಡ ನಾಯಿ, ತೊಂದರೆ ಇಲ್ಲ ಅಲ್ವಾ?" "ಏನೂ ತೊಂದರೆ ಇಲ್ಲ ಸರ್, ಬನ್ನಿ."

ಹೋಗಿ ನೋಡಿದರೆ ನಮ್ಮ ಜಾಗದ ಮುಂದೆ ಕಾರು ನಿಲ್ಲಿಸುವ ಸಾಲು. ಅದರಾಚೆ ಪೊದೆ ಬೆಳೆದ ಮರಳು ದಿಬ್ಬ. ಸಮುದ್ರದ ಸದ್ದು ಮಾತ್ರ ಕೇಳುತ್ತಿತ್ತು. ಕೇಳಿದ್ದಕ್ಕೆ, "ಎದುರೇ ಇದೆಯಲ್ಲ ಸರ್, ಮಧ್ಯೆ ಒಂದು ಕಟ್ಟಡವೂ ಇಲ್ಲ" ಅಂದರು. ದೂರದಿಂದ ಬಂದು ಸುಸ್ತಾಗಿತ್ತು. ಸುಮ್ನೆ ಜಗಳ ಯಾಕೆ ಅಂತ ಬಿಟ್ಟೆ.

ಆದರೆ ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಅದಕ್ಕಲ್ಲ. ನಮ್ಮ ನಾಯಿ ಚಿನ್ನಿಯನ್ನು ಹಿಡಿದುಕೊಂಡು ದಿಬ್ಬದ ಪಕ್ಕದ ದಾರಿಯಲ್ಲಿ ಹೊರಟೆವು. ನೀರಿನ ವಾಸನೆಗೆ ಅವಳು ನನ್ನನ್ನೇ ಎಳೆದುಕೊಂಡು ಹೋಗುತ್ತಿದ್ದಳು. ದಾರಿಯ ಕೊನೆಗೆ ಒಂದು ಬೋರ್ಡ್. ಬೆಳಿಗ್ಗೆ 9ರಿಂದ ಸಂಜೆ 6ರ ತನಕ ನಾಯಿಗಳನ್ನು ಮರಳಿಗೆ ಇಳಿಸುವಂತಿಲ್ಲ. ಅದರ ಕೆಳಗೇ ಇನ್ನೊಂದು ಸಾಲು. ನಾಯಿಯನ್ನು ಟೆಂಟಿನಲ್ಲಿ ಒಂಟಿಯಾಗಿ ಬಿಡುವಂತಿಲ್ಲ. ಎರಡನ್ನೂ ಸೇರಿಸಿ ಓದಿ ನೋಡಿ. ನಾವು ಮನೆಯವರೆಲ್ಲ ಒಟ್ಟಿಗೆ ಹಗಲು ಹೊತ್ತು ಒಂದು ದಿನವೂ ಸಮುದ್ರಕ್ಕೆ ಹೋಗುವ ಹಾಗಿಲ್ಲ! ಬೋರ್ಡಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು.

ಆಫೀಸಿಗೆ ಹೋಗಿ ಕೇಳಿದೆ. ಅವರ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಕ್ಯಾಂಪಿಗೆ ನಾಯಿ ತರಬಹುದು ಅಂದಿದ್ದೆವು ಸರ್. ಬೀಚಿಗೆ ಅಂತ ನಾವು ಹೇಳಿಲ್ಲ."

ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಮರಳಲ್ಲಿ ಚಿಕ್ಕ ಮಕ್ಕಳು ಆಡುತ್ತಿರುತ್ತಾರೆ. ಕೆಲವು ಕಡೆ ಆಮೆಗಳು, ಹಕ್ಕಿಗಳು ಮೊಟ್ಟೆ ಇಡುತ್ತವೆ. ಹಣ ತೆಗೆದುಕೊಳ್ಳುವ ಮೊದಲು ಹೇಳಬೇಕಿತ್ತು, ಅಷ್ಟೇ. ಎರಡು ಸಲ ಕೇಳಿದ್ದೆನಲ್ಲ!

ಎರಡು ದಿನ ಸರದಿ ಮೇಲೆ ಚಿನ್ನಿಯ ಜೊತೆ ಕೂತೆವು. ಮಧ್ಯಾಹ್ನ ಟೆಂಟಿನೊಳಗೆ ಇರಲಾಗದಷ್ಟು ಸೆಕೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಅವಳು ಹಾಗೆ ಏದುಸಿರು ಬಿಡುವುದನ್ನು ನೋಡಿ ನನ್ನ ಹೆಂಡತಿ ಅತ್ತುಬಿಟ್ಟಳು.

ಮೂರನೇ ದಿನ ನಾನು ದನಿ ಏರಿಸಿದ ಮೇಲೆ ಸಂಜೆ ಜಾಗ ಬದಲಿಸಿಕೊಟ್ಟರು. ದಿಬ್ಬದ ಆಚೆ, ನೀರಿನ ಕಡೆಗೆ. ಅವರೇ ಬಂದು ತೋರಿಸಿ ಹೋದರು. ಆಗ ಇಳಿತ, ನೀರು ದೂರದಲ್ಲಿತ್ತು. ನಮ್ಮ ಟೆಂಟಿಗಿಂತ ಮೇಲೆ ಒಣಗಿದ ಪಾಚಿ, ಕಡ್ಡಿ, ಚಿಪ್ಪುಗಳ ಒಂದು ಉದ್ದ ಸಾಲು ಇತ್ತು. ಸಮುದ್ರ ಎಲ್ಲಿಯವರೆಗೆ ಬಂದು ಹೋಗುತ್ತದೆ ಅನ್ನುವುದರ ಗುರುತು ಅದು. ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಲಿಲ್ವಾ?

ಅವತ್ತು ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತ, ಅಂದರೆ ಸಮುದ್ರದ ಉಬ್ಬರ, ಜಾಸ್ತಿ ಮೇಲೆ ಬರುತ್ತದೆ. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ. ಸರಿಯಾಗಿ ನಡುರಾತ್ರಿ ಚಿನ್ನಿ ಬೊಗಳಿ ಎಬ್ಬಿಸಿದಳು. ಕಾಲಿಟ್ಟರೆ ನೀರು. ಸಡಿಲ ಮರಳಲ್ಲಿ ಹೊಡೆದ ಗೂಟಗಳು ಒಂದೊಂದಾಗಿ ಕಿತ್ತು ಬರುತ್ತಿದ್ದವು. ಕತ್ತಲಲ್ಲಿ ಮಕ್ಕಳನ್ನು ದಿಬ್ಬಕ್ಕೆ ಹತ್ತಿಸಿದೆವು. ಆ ಗಡಿಬಿಡಿಯಲ್ಲಿ ಚಿನ್ನಿಯ ಮೇಲೆ ಯಾರಿಗೂ ಗಮನವಿಲ್ಲ. ಅವಳು ಉಪ್ಪುನೀರು ಕುಡಿದಿದ್ದಾಳೆ. ಬೆಳಗಿನ ತನಕ ವಾಂತಿ, ಭೇದಿ. ಕುಡಿದ ಉಪ್ಪು ಮೈಯಲ್ಲಿದ್ದ ನೀರನ್ನೇ ಎಳೆದು ಹಾಕುತ್ತದೆ, ಸಿಹಿನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿ ಅಂದರು ಡಾಕ್ಟರು.

ಬೆಳಿಗ್ಗೆ ಆಫೀಸಿನವರು ಹೇಳಿದ್ದು, "ಮುಂದಿನ ಜಾಗವೇ ಬೇಕು ಅಂತ ಹಟ ಹಿಡಿದವರು ನೀವಲ್ವಾ ಸರ್?" ನಾಯಿ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ಒಬ್ಬರೂ.

ನೀವು ಹೋಗುವುದಾದರೆ, ನಾಯಿ ಯಾವ ಹೊತ್ತಿನಲ್ಲಿ ಎಲ್ಲೆಲ್ಲಿ ಓಡಾಡಬಹುದು ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಫೋನಿನ ಮಾತು ಬೇಡ. ನಿಮಗೆ ಕೊಡುವ ಜಾಗದ್ದೇ ಫೋಟೋ ಕೇಳಿ. ಆ ವಾರದ ಭರತದ ವೇಳೆ ನೋಡಿಕೊಳ್ಳಿ. ಪಾಚಿ ಸಾಲಿನ ಕೆಳಗೆ ಟೆಂಟ್ ಹಾಕಲೇಬೇಡಿ, ಯಾರು ತೋರಿಸಿಕೊಟ್ಟರೂ ಸರಿ.

ಚಿನ್ನಿ ಈಗ ಊಟ ಮಾಡುತ್ತಿದ್ದಾಳೆ. ಉಳಿದ ದಿನಗಳ ಹಣ ಕೇಳಿ ಮೂರು ಮೇಲ್ ಕಳಿಸಿದ್ದೇನೆ. ಮೂರಕ್ಕೂ ಒಂದೇ ಉತ್ತರ: "ನಿಯಮಗಳನ್ನು ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ." ಆ ಬೋರ್ಡ್ ಕಾಣುವುದು ಹಣ ಕಟ್ಟಿ, ಅಲ್ಲಿಯ ತನಕ ಹೋದ ಮೇಲೆ.