ಸಾಗುವಾನಿ ನೆಲ, ನಾಲ್ಕು ಮಳೆಗಾಲ

ಮಹಡಿ ರೂಮಿಗೆ ಸಾಗುವಾನಿ ಹಲಗೆಯ ನೆಲ ಹಾಕಿಸಿ ಮೂರೂವರೆ ವರ್ಷ ಆಯಿತು. ಊರು ಸಾಗರ, ಮಳೆ ಹೇಗೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ. "ಟೈಲ್ಸ್ ಹಾಕಿ ಸುಮ್ನಿರು ಮಾರಾಯ" ಅಂತ ಎಲ್ಲರೂ ಹೇಳಿದ್ದರು. ಕೇಳಲಿಲ್ಲ. 10 ಅಡಿ ಅಗಲ, 12 ಅಡಿ ಉದ್ದದ ರೂಮಿಗೆ ಮರ, ಕೂಲಿ, ಪಾಲಿಶ್ ಎಲ್ಲ ಸೇರಿ ಲಕ್ಷದ ಹತ್ತಿರ ಹೋಯಿತು.

ಕೆಲಸ ಮುಗಿದಾಗ ಗೋಡೆಗೂ ಹಲಗೆಗೂ ನಡುವೆ ಬೆಂಕಿಕಡ್ಡಿ ತೂರಲೂ ಜಾಗ ಇರಲಿಲ್ಲ. ಎಂಥ ಕೈಚಳಕ ಅಂತ ಬಾಯ್ತುಂಬ ಹೊಗಳಿ, ಕೂಲಿಯ ಮೇಲೆ 500 ರೂಪಾಯಿ ಜಾಸ್ತಿ ಕೊಟ್ಟೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಕಿಸಿದ್ದು ಮಾರ್ಚ್‌ನಲ್ಲಿ. ಸಾಮಿಲ್ಲಿನಿಂದ ಹಲಗೆ ಬಂದ ಮರುದಿನವೇ ರೀಪು ಕೂರಿಸಿ ಮೊಳೆ ಹೊಡೆದಿದ್ದರು. ಪುನರ್ವಸು ಮಳೆ ಹಿಡಿದು ವಾರವಾಗಿರಬಹುದು, ಒಂದು ರಾತ್ರಿ ಮೇಲಿನಿಂದ ಟಪ್ ಅಂತ ಸದ್ದು. ಹೋಗಿ ನೋಡಿದರೆ ಕಿಟಕಿ ಹತ್ತಿರ ನೆಲ ಗೂನುಬೆನ್ನಿನ ಹಾಗೆ ಎದ್ದಿದೆ! ಕಾಲಿಟ್ಟರೆ ಕಿರ್ರ್ ಅನ್ನುತ್ತದೆ. ಕೆಲಸ ಮಾಡಿದವರಿಗೆ ಫೋನ್ ಮಾಡಿದೆ. "ಮಳೆ ನಿಂತ ಮೇಲೆ ಕೂರುತ್ತೆ ಬಿಡಿ" ಅಂದರು, ಆಮೇಲೆ ಫೋನೇ ಎತ್ತಲಿಲ್ಲ.

ಕೊನೆಗೆ ಪಕ್ಕದ ಹಳ್ಳಿಯ ವಯಸ್ಸಾದ ಆಚಾರ್ರು ಬಂದರು. ಎದ್ದ ಹಲಗೆಯನ್ನು ನೋಡಲೇ ಇಲ್ಲ, ಸೀದಾ ಗೋಡೆ ಬುಡದಲ್ಲಿ ಕೂತು "ಸಂದು ಎಲ್ಲಿ ಬಿಟ್ಟಿದ್ದಾರೆ?" ಅಂತ ಕೇಳಿದರು. ಮರ ತೇವ ಕುಡಿದರೆ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ನಮ್ಮದು 4 ಇಂಚಿನ ಹಲಗೆ, ಸಾಲಿಗೆ 30. ಒಂದೊಂದು ಬರೀ ಅರ್ಧ ಮಿಲಿಮೀಟರ್ ಹಿಗ್ಗಿದರೂ ಒಟ್ಟು 15 ಮಿಲಿಮೀಟರ್! ಅಷ್ಟು ಮರ ಎಲ್ಲಿಗೆ ಹೋಗಬೇಕು, ಮೇಲಕ್ಕೇ ತಾನೆ? ಎರಡೂ ಕಡೆಯ ಗೋಡೆ ಬುಡದಲ್ಲಿ ಕಿರುಬೆರಳು ತೂರುವಷ್ಟು ಕೊಯ್ದು ತೆಗೆದು, ಮೇಲೆ ಪಟ್ಟಿ ಹೊಡೆದು ಮುಚ್ಚಿದರು. ಆಮೇಲಿನ ಮೂರು ಮಳೆಗಾಲದಲ್ಲಿ ನೆಲ ಎದ್ದಿಲ್ಲ. ಕಿಟಕಿ ಹತ್ತಿರದ ಒಂದು ಹಲಗೆ ಮಾತ್ರ ಕಿರ್ರ್ ಅನ್ನುವುದನ್ನು ಬಿಟ್ಟಿಲ್ಲ. ಮಗ ರಾತ್ರಿ ಮೊಬೈಲ್ ಹುಡುಕಲು ಎದ್ದರೆ ಅದೇ ಚಾಡಿ ಹೇಳುತ್ತದೆ.

ಇಷ್ಟೆಲ್ಲ ಬೈದರೂ ಜನವರಿ ಬೆಳಿಗ್ಗೆ ಬಂದರೆ ನನ್ನ ಬಾಯಿ ಮುಚ್ಚುತ್ತದೆ. ಕೆಳಗೆ ರೆಡ್ ಆಕ್ಸೈಡ್ ನೆಲಕ್ಕೆ ಕಾಲಿಟ್ಟರೆ ಜುಮ್ ಅನ್ನುವ ಚಳಿ, ಮೇಲೆ ಬರಿಗಾಲಲ್ಲೇ ಆರಾಮ. ಕಾಫಿ ಲೋಟ ಹಿಡಿದು ಗೋಡೆಗೆ ಒರಗಿ ನೆಲದ ಮೇಲೇ ಕೂರುತ್ತೇನೆ. ಏಳೂವರೆ ಹೊತ್ತಿಗೆ ಬಿಸಿಲು ಬಂದಾಗ ಮರದ ಗೆರೆಗಳು ಜೇನಿನ ಬಣ್ಣಕ್ಕೆ ತಿರುಗುತ್ತವೆ. ಕುರ್ಚಿ ಎರಡು ಇವೆ, ಬಟ್ಟೆ ಹಾಕಲಿಕ್ಕೆ.

ಒರೆಸುವ ಕೆಲಸ ಮಾತ್ರ ನನ್ನದೇ. ಬಟ್ಟೆಯನ್ನು ಒಂದು ಹನಿಯೂ ಬೀಳದ ಹಾಗೆ ಹಿಂಡಿ, ಮರದ ಗೆರೆ ಹೋದ ಕಡೆಗೇ ಎಳೆದು ಒರೆಸಬೇಕು. ಅಮ್ಮನಿಗೆ ಬಿಟ್ಟರೆ ಶುಕ್ರವಾರ ಒಂದು ಬಕೆಟ್ ನೀರು ಸುರಿದೇ ಸುರಿಯುತ್ತಾಳೆ.

ಹಾಕಿಸುವವರು ಹಲಗೆಯನ್ನು ಅದೇ ರೂಮಿನಲ್ಲಿ ಎರಡು ವಾರ ಹಾಗೇ ಇಡಿ, ಗೋಡೆ ಬುಡದ ಸಂದನ್ನು ಎದುರಿಗೆ ನಿಂತು ಬಿಡಿಸಿ. ದುಡ್ಡಿಗೆ ಕಷ್ಟ ಇದ್ದರೆ ಬೇಡವೇ ಬೇಡ.

ಬೇಸಿಗೆಯಲ್ಲಿ ಮರ ಕುಗ್ಗಿ ಹಲಗೆಗಳ ನಡುವೆ ಸಣ್ಣ ಬಿರುಕು ಬಿಡುತ್ತದೆ. ಹೋದ ಫೆಬ್ರವರಿಯಲ್ಲಿ ಅಮ್ಮನ ಹೊಲಿಗೆ ಸೂಜಿ ಅದರೊಳಗೆ ಹೋಯಿತು. ತೆಗೆಯೋಣ ಅನ್ನುವಷ್ಟರಲ್ಲಿ ಮಳೆಗಾಲ ಬಂದು ಬಿರುಕು ಮುಚ್ಚಿಕೊಂಡಿತು.